ಮದುವೆ ನಡೆಸಿಕೊಡುವವರ ಹೊಣೆ

(ಒಬ್ಬರು ತೀರ್ಥಹಳ್ಳಿಯಲ್ಲಿ ನೆಲೆಸಿದ ನಿವೃತ್ತ ಮೇಷ್ಟ್ರು. ಮಂತ್ರ ಮಾಂಗಲ್ಯದ ಮದುವೆಗಳನ್ನು ಬಹುಕಾಲದಿಂದ ನಡೆಸಿಕೊಡುತ್ತ ಬಂದವರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ. ಸಾಗರದ ಕಡೆಯವರು, ಈಗ ಬೆಂಗಳೂರಿನಲ್ಲಿ ಕೆಲಸ.)

ಆಕೆ: ಸಾರ್, ಜನವರಿಯಲ್ಲಿ ನನ್ನ ಗೆಳತಿಯ ಮದುವೆ. ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ಮದುವೆ ಮಾತ್ರ ಹೊಸನಗರ ತಾಲ್ಲೂಕಿನ ಒಂದು ಹೋಮ್‌ಸ್ಟೇ ಅಂಗಳದಲ್ಲಿ, ಶರಾವತಿ ಹಿನ್ನೀರಿನ ಪಕ್ಕ. ಪುರೋಹಿತರು ಬೇಡ, ಮಂತ್ರ ಮಾಂಗಲ್ಯದ ರೀತಿಯಲ್ಲಿ ಆಗಲಿ ಅಂತ ಇಬ್ಬರ ಆಸೆ. ನಡೆಸಿಕೊಡು ಅಂತ ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಹೇಗೆ ಮಾಡಬೇಕು ಅಂತ ನಿಮ್ಮನ್ನು ಕೇಳೋಕೆ ಬಂದೆ.

ಮೇಷ್ಟ್ರು: ಒಪ್ಪಿಕೊಂಡಿದ್ದು ಒಳ್ಳೆಯದಾಯ್ತು. ಅವರು ನಿನಗೆ ಏನು ಕೆಲಸ ಅಂತ ಹೇಳಿದ್ದಾರೆ?

ಆಕೆ: ಈವೆಂಟ್‌ನವರು ಒಂದು ಪಟ್ಟಿ ಕಳಿಸಿದ್ದಾರೆ. ಗಂಡು ಬರುವುದು, ಹೆಣ್ಣು ಬರುವುದು, ಇಬ್ಬರಿಗೂ ಪರಿಚಯವಾದ ಕಥೆ, ಪ್ರತಿಜ್ಞೆ, ಹಾರ, ತಾಳಿ, ಆಮೇಲೆ ಡ್ರೋನ್‌ನಲ್ಲಿ ಫೋಟೊ. ನನಗೆ ಇಪ್ಪತ್ತು ನಿಮಿಷ.

ಮೇಷ್ಟ್ರು: ಆ ಪಟ್ಟಿಯಲ್ಲಿ ಇರೋದು ನಿರೂಪಣೆಯ ಕೆಲಸ. ಬಂದವರನ್ನು ಸ್ವಾಗತಿಸೋದು, ಮುಂದೇನು ಅಂತ ಹೇಳೋದು, ಹೊತ್ತಿಗೆ ಸರಿಯಾಗಿ ಮುಗಿಸೋದು. ಅದನ್ನೂ ಯಾರಾದರೂ ಮಾಡಬೇಕು, ಇಲ್ಲ ಅನ್ನಲ್ಲ. ಮದುವೆ ನಡೆಸಿಕೊಡುವವರ ಹೊಣೆ ಬೇರೆ. ಆ ಇಬ್ಬರು ಯಾರ ಒತ್ತಾಯವೂ ಇಲ್ಲದೆ, ಏನು ಹೇಳುತ್ತಿದ್ದೇವೆ ಅನ್ನುವುದು ಗೊತ್ತಿದ್ದು, ಸೇರಿದವರಿಗೆಲ್ಲ ಕೇಳುವ ಹಾಗೆ ಒಬ್ಬರನ್ನೊಬ್ಬರು ಒಪ್ಪಿಕೊಳ್ಳಬೇಕು. ಅದು ಹಾಗೇ ನಡೆಯುವಂತೆ ನೋಡಿಕೊಳ್ಳುವವಳು ನೀನು. ಮಿಕ್ಕಿದ್ದೆಲ್ಲ ಅದರ ಸುತ್ತ ಬರುವಂಥದ್ದು.

ಆಕೆ: ಆದರೆ ಸಾರ್, ನನಗೆ ಯಾವ ಅಧಿಕಾರ ಇದೆ? ಪುರೋಹಿತರಿಗೆ ಪರಂಪರೆ ಇದೆ, ಪಾದ್ರಿಗಳಿಗೆ ಸಭೆಯ ದೀಕ್ಷೆ ಇದೆ. ನಾನು ಬರೀ ಗೆಳತಿ.

ಮೇಷ್ಟ್ರು: ಅವರ ಕೈಯಲ್ಲಾದರೂ ಮದುವೆ ಇದೆ ಅಂದುಕೊಂಡಿದ್ದೀಯಾ? ಸಪ್ತಪದಿ ಇರುವ ಮದುವೆಯಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಯಿತು ಅಂತ 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಆ ಏಳು ಹೆಜ್ಜೆ ಇಡುವವರು ಗಂಡು ಹೆಣ್ಣು, ಪುರೋಹಿತರಲ್ಲ. ನಿಕಾಹ್‌ನಲ್ಲಿ ಖಾಜಿ ಕೇಳುತ್ತಾರೆ, ಒಪ್ಪಿಗೆ ಅನ್ನಬೇಕಾದವರು ಅವರಿಬ್ಬರು, ಅದನ್ನು ಕೇಳಿಸಿಕೊಳ್ಳುವುದಕ್ಕೆ ಸಾಕ್ಷಿಗಳು ಬೇಕು. ರೋಮನ್ ಕ್ಯಾಥೊಲಿಕರಲ್ಲಂತೂ ಆ ಸಂಸ್ಕಾರವನ್ನು ಗಂಡು ಹೆಣ್ಣು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ, ಪಾದ್ರಿ ಸಭೆಯ ಪರವಾಗಿ ನಿಂತ ಸಾಕ್ಷಿ ಅಂತಲೇ ನಂಬಿಕೆ. ನಮ್ಮ ಕಡೆಯ ಎಷ್ಟೋ ಜಾತಿಗಳಲ್ಲಿ ಧಾರೆ ಹೊತ್ತಿಗೆ ನೆಂಟರಿಷ್ಟರೆಲ್ಲ ಬಂದು ಕೂಡಿಸಿದ ಕೈಗಳ ಮೇಲೆ ಹಾಲು ಎರೆಯುತ್ತಾರಲ್ಲ, ಅದೂ ಸಾಕ್ಷಿಯೇ. ಎಲ್ಲ ಕಡೆಯೂ ಮದುವೆಯಾಗುವವರು ಇಬ್ಬರು, ನೋಡಿ ಕೇಳಿ ಒಪ್ಪುವವರು ಹಲವರು. ನಡುವೆ ನಿಂತವರು ಅದನ್ನು ಕ್ರಮಕ್ಕೆ ತರುತ್ತಾರೆ, ಅಷ್ಟೆ.

ಆಕೆ: ಹಾಗಾದರೆ ಪುರೋಹಿತರಿಲ್ಲದ ಮದುವೆಗೆ ಅಷ್ಟು ದೊಡ್ಡ ಹೋರಾಟ ಯಾಕೆ ಬೇಕಾಯ್ತು?

ಮೇಷ್ಟ್ರು: ನಡುವೆ ನಿಂತವರು ಬಾಗಿಲು ಕಾಯುವವರಾದರು, ಅದಕ್ಕೆ. ಯಾರು ಯಾರನ್ನು ಮದುವೆಯಾಗಬಹುದು, ಯಾವಾಗ, ಎಷ್ಟು ದಕ್ಷಿಣೆಗೆ ಅನ್ನುವುದು ಅವರ ಕೈಗೆ ಹೋಯಿತು. ಮಹಾರಾಷ್ಟ್ರದಲ್ಲಿ ಜ್ಯೋತಿಬಾ ಫುಲೆ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿ, ಅದೇ ವರ್ಷ ಪುರೋಹಿತರಿಲ್ಲದ ಮದುವೆ ಮಾಡಿಸಿದರು. ತಮಿಳುನಾಡಿನಲ್ಲಿ ಪೆರಿಯಾರ್ ಸ್ವಾಭಿಮಾನದ ಮದುವೆಗಳನ್ನು ನಡೆಸಿದರು. ಆ ಮದುವೆ ಊರ್ಜಿತವಲ್ಲ ಅಂತ 1953ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 1967ರಲ್ಲಿ ಅಣ್ಣಾದೊರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಸೇರಿಸಿದ ಮೇಲೆ ಮಾನ್ಯತೆ ಸಿಕ್ಕಿತು. ನಮ್ಮಲ್ಲಿ ಕುವೆಂಪು ಅವರು ಮಂತ್ರ ಮಾಂಗಲ್ಯ ರೂಪಿಸಿದರು. 1966ರಲ್ಲಿ ಅವರ ಮಗ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಮೂಡಿಗೆರೆ ಸೀಮೆಯ ಕಾಫಿ ತೋಟದಲ್ಲಿ ಹಾಗೇ ಆಯಿತು. ಆಮೇಲೆ ರೈತ ಸಂಘ ಅದನ್ನು ಹಳ್ಳಿಹಳ್ಳಿಗೆ ಒಯ್ದಿತು. ಮಗಳ ಮದುವೆಗೆ ಮಾಡಿದ ಸಾಲ ತೀರಿಸಲಾಗದೆ ಜಮೀನು ಕಳಕೊಂಡವರನ್ನು ಕಣ್ಣಾರೆ ಕಂಡ ಜನ, ಸರಳ ಮದುವೆಯನ್ನು ಚಳವಳಿ ಅಂತಲೇ ನಡೆಸಿದರು.

ಆಕೆ: ಕುವೆಂಪು ಮಂತ್ರಗಳನ್ನೇನೂ ಬಿಡಲಿಲ್ಲ ಅಲ್ವಾ?

ಮೇಷ್ಟ್ರು: ಬಿಡಲಿಲ್ಲ. ವೇದ, ಉಪನಿಷತ್ತುಗಳಿಂದ ಬೇಕಾದ್ದನ್ನು ಆರಿಸಿಕೊಂಡರು, ಕನ್ನಡದಲ್ಲಿ ಅರ್ಥ ಕೊಟ್ಟರು. ಜಾತಿಯಿಂದ, ಮೌಢ್ಯದಿಂದ ಬಿಡುಗಡೆಯಾದವರಾಗಿ, ಹೆಣ್ಣು ಗಂಡು ಸಮಾನರಾಗಿ ಬಾಳುತ್ತೇವೆ ಅನ್ನುವ ಸಂಕಲ್ಪವನ್ನು ಮದುವೆಯ ಹೃದಯದಲ್ಲಿಟ್ಟರು. ಮುಹೂರ್ತ, ಜಾತಕ, ವರದಕ್ಷಿಣೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಈಗಲೂ ಕುವೆಂಪು ಅವರ ಊರು ಕುಪ್ಪಳಿಗೆ ದೂರದೂರದಿಂದ ಬಂದು ಹೇಮಾಂಗಣದಲ್ಲಿ ಹಾಗೇ ಮದುವೆಯಾಗಿ, ಕವಿಶೈಲ ಹತ್ತಿ ಹೋಗುವವರಿದ್ದಾರೆ. ಡೆಸ್ಟಿನೇಷನ್ ವೆಡ್ಡಿಂಗ್ ಅಂತ ಈಗ ಎಲ್ಲರೂ ಅನ್ನುತ್ತಾರಲ್ಲ, ನಮ್ಮ ತೀರ್ಥಹಳ್ಳಿ ಅದನ್ನು ಬಹಳ ಹಿಂದಿನಿಂದಲೂ ಬಲ್ಲದು. ಆದರೆ ಕುಪ್ಪಳಿಗೆ ಬರುವವರು ಒಂದು ವಿಚಾರವನ್ನು ಹುಡುಕಿಕೊಂಡು ಬರುತ್ತಾರೆ. ನಿನ್ನ ಗೆಳತಿ ಹಿನ್ನೀರಿನ ದಡಕ್ಕೆ ಏನನ್ನು ಹುಡುಕಿ ಬರುತ್ತಿದ್ದಾಳೆ? ಮೊದಲು ಅದನ್ನು ಕೇಳು.

ಆಕೆ: ಅವಳ ಅಜ್ಜಿಯ ಊರು ಆ ನೀರಿನಡಿ ಇದೆ ಸಾರ್. ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ್ದು.

ಮೇಷ್ಟ್ರು: ನೋಡು, ನಿಮ್ಮ ಈವೆಂಟ್‌ನವರ ಪಟ್ಟಿಯಲ್ಲಿ ಅದಿಲ್ಲ! ಇಬ್ಬರ ಪರಿಚಯದ ಕಥೆಯ ಮೊದಲು ಅದನ್ನು ಹೇಳು. 1964ರಲ್ಲಿ ಅಣೆಕಟ್ಟು ಮುಗಿಯಿತು, ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರದ ಸಾವಿರಾರು ಸಂಸಾರಗಳು ಮನೆ, ಗದ್ದೆ, ತೋಟ ಬಿಟ್ಟು ಎದ್ದುಹೋದವು. ಆ ನೀರಿನಡಿಯ ಅಂಗಳಗಳಲ್ಲೂ ಚಪ್ಪರ ಹಾಕಿ ಮದುವೆಗಳಾಗಿದ್ದವು. ಬಂದ ನೂರು ಜನಕ್ಕೆ ತಾವು ಎಲ್ಲಿ ಕೂತಿದ್ದೇವೆ ಅಂತ ಗೊತ್ತಾಗಬೇಕು. ಆಗ ಅದು ಫೋಟೊದ ಹಿನ್ನೆಲೆಯಾಗಿ ಉಳಿಯೋದಿಲ್ಲ. ಎರಡೇ ನಿಮಿಷ ಸಾಕು, ಅಜ್ಜಿಯೇ ಹೇಳಿದರೆ ಇನ್ನೂ ಒಳ್ಳೆಯದು.

ಆಕೆ: ಅಜ್ಜಿಗೆ ಒಂದೇ ಚಿಂತೆ. ಮುಹೂರ್ತ ಯಾವಾಗ, ಮುಹೂರ್ತ ಯಾವಾಗ ಅಂತ ದಿನಾ ಕೇಳ್ತಾರಂತೆ.

ಮೇಷ್ಟ್ರು: ಅವರ ಮನಸ್ಸಿಗೆ ಸಮಾಧಾನ ಆಗಲಿ ಅಂತ ಸುಳ್ಳು ಮುಹೂರ್ತ ಹೇಳಬೇಡ. ಬೆಳಿಗ್ಗೆ ಹತ್ತೂವರೆಗೆ, ಎಲ್ಲರೂ ಬಂದು ಕೂತ ಮೇಲೆ ಅಂತ ಹೇಳು. ಹಿರಿಯರಿಗೆ ಬೇಕಾದ್ದು ಗಳಿಗೆಗಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ತಮಗೊಂದು ಪಾಲು. ನಿಮ್ಮ ಸಾಗರದ ದೀವರ ಮನೆಗಳಲ್ಲಿ ಹಸೆ ಗೋಡೆ ಬರೆಯುತ್ತಾರಲ್ಲ, ನೋಡಿದ್ದೀಯಾ?

ಆಕೆ: ನಮ್ಮ ಪಕ್ಕದ ಮನೆಯಲ್ಲಿ ನೋಡಿದೀನಿ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ಕುಂಚ. ಒಂದು ಗೆರೆ ತಪ್ಪೋದಿಲ್ಲ ಆ ಹೆಂಗಸರ ಕೈ. ಗಂಡು ಹೆಣ್ಣನ್ನು ಅದರ ಮುಂದೆ ಕೂರಿಸಿ ಹಾಡು ಹೇಳ್ತಾರೆ.

ಮೇಷ್ಟ್ರು: ಆ ಹಾಡು ಹೇಳುವ ಹೆಂಗಸರೂ ಮದುವೆ ನಡೆಸಿಕೊಡುವವರೇ. ಬರೆಯೋದಕ್ಕೂ ಹಾಡು, ಕೂರಿಸೋದಕ್ಕೂ ಹಾಡು, ಆರತಿಗೂ ಹಾಡು. ಹಾಡಿಲ್ಲದೆ ಯಾವ ಶಾಸ್ತ್ರವೂ ಮುಂದೆ ಹೋಗೋದಿಲ್ಲ. ಅಂಥವರನ್ನು ಕರೆಸುವುದಾದರೆ ಊಟದ ಹೊತ್ತಿನ ಮನರಂಜನೆಗೆ ಕರೆಸಬೇಡ. ಮೊದಲ ಹಾಡು ಅವರದಾಗಲಿ, ಆಮೇಲೆ ನಿನ್ನ ಮಾತು. ಅವರ ಶ್ರಮಕ್ಕೆ ತಕ್ಕ ಸಂಭಾವನೆ ಕೊಡಲು ಹೇಳು, ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸು. ಅಜ್ಜಿಗೂ ಹಾಡು ಬರುತ್ತಿದ್ದರೆ ಅವರ ಜೊತೆ ಕೂರಲಿ.

ಆಕೆ: ಹುಡುಗನ ಮನೆಯವರು ವಿಜಯವಾಡದವರು. ಅವರಿಗೆ ಕನ್ನಡ ಬರಲ್ಲ.

ಮೇಷ್ಟ್ರು: ಹಾಗಾದರೆ ಅವರ ಕಡೆಯ ಒಬ್ಬರು ನಿನ್ನ ಪಕ್ಕ ನಿಂತು ಪ್ರತಿ ಭಾಗವನ್ನೂ ತೆಲುಗಿನಲ್ಲಿ ಓದಲಿ. ಹುಡುಗ ತನ್ನ ಮಾತನ್ನು ತೆಲುಗಿನಲ್ಲೇ ಹೇಳಲಿ. ಅರ್ಥವಾಗದ ಮಾತಿಗೆ ತಲೆಯಾಡಿಸುವುದನ್ನು ತಪ್ಪಿಸಬೇಕು ಅಂತಲೇ ಕುವೆಂಪು ಇಷ್ಟೆಲ್ಲ ಮಾಡಿದ್ದು. ಸಂಸ್ಕೃತ ಅರ್ಥವಾಗದ ಜಾಗದಲ್ಲಿ ಕನ್ನಡ ಅರ್ಥವಾಗದೆ ಉಳಿದರೆ ಏನು ಪ್ರಯೋಜನ?

ಆಕೆ: ಮದುವೆಗೆ ಮೊದಲು ನಾನು ಏನೇನು ಮಾಡಬೇಕು?

ಮೇಷ್ಟ್ರು: ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡು. ಒಟ್ಟಿಗೆ ಇದ್ದಾಗ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೂಂ ಅನ್ನುತ್ತಾರೆ. ಒಬ್ಬೊಬ್ಬರೇ ಇದ್ದಾಗ ಕೇಳು: ಈ ಮದುವೆ ನಿನ್ನ ಇಷ್ಟದಿಂದಲೇ ಆಗುತ್ತಿದೆಯಾ? ಯಾರಾದರೂ ಹೆದರಿಸಿದ್ದಾರಾ? ಹಣ, ಒಡವೆ, ಕಾರು, ಸೈಟು ಅಂತ ಏನಾದರೂ ಮಾತುಕತೆ ಆಗಿದೆಯಾ? ವಯಸ್ಸಿನ ದಾಖಲೆ ನೋಡು.

ಆಕೆ: ಅವರಿಬ್ಬರಿಗೂ ಮೂವತ್ತರ ಹತ್ತಿರ ಸಾರ್. ಓದಿದವರು. ಇದನ್ನೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳಲ್ವಾ? ಅವರನ್ನು ಪರೀಕ್ಷೆ ಮಾಡೋಕೆ ನಾನ್ಯಾರು?

ಮೇಷ್ಟ್ರು: ಪರೀಕ್ಷೆ ಅಂತ ತಿಳೀಬೇಡ. ಓದಿದವರ ಮನೆಯಲ್ಲೇ ವರದಕ್ಷಿಣೆಯನ್ನು ಉಡುಗೊರೆ ಅನ್ನುತ್ತಾರೆ, ನೀನೂ ನೋಡಿದ್ದೀಯ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೊಟ್ಟವರನ್ನೂ ತೆಗೆದುಕೊಂಡವರನ್ನೂ ಅದಕ್ಕೆ ಕೈಜೋಡಿಸಿದವರನ್ನೂ ಹಿಡಿಯುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ನಡೆಸಿಕೊಟ್ಟವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಪುರೋಹಿತರಾಗಲಿ, ಮೇಷ್ಟ್ರಾಗಲಿ, ಗೆಳತಿಯಾಗಲಿ, ಮುಂದೆ ನಿಂತು ನಡೆಸಿದವರಿಗೆ ಹೊಣೆ ಇದೆ ಅಂತ ಕಾನೂನೇ ಗುರುತಿಸಿದೆ. ಹಾಗಾಗಿ ಎಲ್ಲರಿಗೂ ಅದೇ ಪ್ರಶ್ನೆ ಕೇಳಬೇಕು. ಗೊತ್ತಿದ್ದವರನ್ನು ಬಿಟ್ಟು, ಬಡವರನ್ನು ಮಾತ್ರ ಕೇಳಿದರೆ ಅದು ಅವಮಾನ. ಎಲ್ಲರಿಗೂ ಕೇಳಿದರೆ ಅದು ಕ್ರಮ.

ಆಕೆ: ಸರಿ, ಕೇಳ್ತೀನಿ. ನೋಂದಣಿ ವಿಚಾರ? ಮದುವೆ ಮುಗಿದ ಮೇಲೆ ಹೊಸನಗರದಲ್ಲೇ ಸಹಿ ಹಾಕಿ ಬೆಂಗಳೂರಿಗೆ ಹೋಗೋಣ ಅಂತಿದ್ದಾರೆ.

ಮೇಷ್ಟ್ರು: ದೂರದ ಊರಿಗೆ ಬಂದು ಮದುವೆಯಾಗುವವರು ತಪ್ಪುವುದು ಇಲ್ಲೇ. ತಮಿಳುನಾಡಿನ 7ಎ ನಮಗೆ ಅನ್ವಯಿಸೋದಿಲ್ಲ. ಬೇಕಾದ ವಿಧಿಗಳು ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಯಾರೋ ನಿಮ್ಮದು ಯಾವ ವಿಧಿ ಅಂತ ಪ್ರಶ್ನೆ ಎತ್ತುವ ಸಂದರ್ಭ ಬರಬಾರದು. ಅದಕ್ಕೇ ಮಂತ್ರ ಮಾಂಗಲ್ಯದ ಜೋಡಿಗಳಿಗೆ ನಾನು 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹೇಳುತ್ತೇನೆ. ಅದಕ್ಕೆ ಜಾತಿ ಮತ ಯಾವುದೂ ಅಡ್ಡ ಬರೋದಿಲ್ಲ. ಆದರೆ ಇಬ್ಬರಲ್ಲಿ ಒಬ್ಬರಾದರೂ ಅರ್ಜಿ ಕೊಡುವ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಾಗಿರಬೇಕು. ಎರಡು ದಿನ ಹೋಮ್‌ಸ್ಟೇಯಲ್ಲಿದ್ದವರು ಇಲ್ಲಿ ಅರ್ಜಿ ಕೊಡೋಕಾಗಲ್ಲ. ಬೆಂಗಳೂರಿನ ತಮ್ಮ ವಿವಾಹಾಧಿಕಾರಿಗೆ ನೋಟಿಸು ಕೊಡಲಿ. ಅಲ್ಲಿಂದ ಮೂವತ್ತು ದಿನ ಕಾಯಬೇಕು, ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಜನವರಿ ಅಂದರೆ ನವೆಂಬರ್‌ನಲ್ಲೇ ಅರ್ಜಿ ಹೋಗಿರಬೇಕು.

ಆಕೆ: ಅಲ್ಲಿ ಅಧಿಕಾರಿ ಮುಂದೆ ಒಂದು ಮದುವೆ, ಇಲ್ಲಿ ಅಂಗಳದಲ್ಲಿ ಇನ್ನೊಂದು. ಯಾವುದು ನಿಜವಾದದ್ದು ಅಂತ ಅನಿಸೋದಿಲ್ವಾ?

ಮೇಷ್ಟ್ರು: ಆ ಕಾಯ್ದೆಯನ್ನು ಓದಿ ನೋಡು. ನಿಮಗಿಷ್ಟವಾದ ಯಾವ ರೀತಿಯಲ್ಲಾದರೂ ಮದುವೆಯಾಗಿ, ಆದರೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ, ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಇವಳನ್ನು ಹೆಂಡತಿಯಾಗಿ, ಇವನನ್ನು ಗಂಡನಾಗಿ ಸ್ವೀಕರಿಸಿದ್ದೇನೆ ಅಂತ ಒಬ್ಬರಿಗೊಬ್ಬರು ಹೇಳಬೇಕು ಅಂತ ಅದರ ತಾತ್ಪರ್ಯ. ಕುವೆಂಪು ಬಯಸಿದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ! ಸರ್ಕಾರ ಮೂವರ ಮುಂದೆ ಹೇಳಿ ಅಂತು, ನೀನು ನೂರು ಜನರ ಮುಂದೆ ಹೇಳಿಸುತ್ತೀಯ. ಕಾನೂನಿನ ರಕ್ಷಣೆ ಅಲ್ಲಿ, ಬಂಧುಬಳಗದ ರಕ್ಷಣೆ ಇಲ್ಲಿ. ಎರಡೂ ಬೇಕು.

ಆಕೆ: ಹೊರದೇಶದಲ್ಲಿ ಹೀಗೆ ನಡೆಸಿಕೊಡುವವರಿಗೆ ಸರ್ಕಾರವೇ ಅಧಿಕಾರ ಕೊಡುತ್ತಂತೆ.

ಮೇಷ್ಟ್ರು: ಆಸ್ಟ್ರೇಲಿಯಾದಲ್ಲಿ 1973ರಿಂದ ಇದೆ. ಯಾವ ಮತಕ್ಕೂ ಸೇರದ ಸಾಮಾನ್ಯ ನಾಗರಿಕರನ್ನೇ ನೇಮಿಸಿ ಅಧಿಕಾರ ಕೊಟ್ಟರು. ಅಲ್ಲಿ ಒಬ್ಬರೇ ತಿಂಗಳ ಮೊದಲು ನೋಟಿಸು ತೆಗೆದುಕೊಳ್ಳುತ್ತಾರೆ, ದಾಖಲೆ ನೋಡುತ್ತಾರೆ, ಮಾತು ಹೇಳಿಸುತ್ತಾರೆ, ಸಹಿ ಹಾಕಿಸಿ ಕಳಿಸುತ್ತಾರೆ. ನಮ್ಮಲ್ಲಿ ಆ ಕೆಲಸ ಎರಡು ಪಾಲಾಗಿದೆ. ಕಾಗದದ ಅಧಿಕಾರ ಕಚೇರಿಯಲ್ಲಿದೆ, ಮನಸ್ಸಿಗೆ ಮುಟ್ಟಿಸುವ ಕೆಲಸ ನಿನ್ನಂಥವರದು. ಕುಪ್ಪಳಿಯಂಥ ಕಡೆ ಎರಡೂ ಒಂದಾಗುವ ಕಾನೂನು ನಮ್ಮ ರಾಜ್ಯಕ್ಕೂ ಬರಬೇಕು ಅಂತ ನನ್ನ ಆಸೆ.

ಆಕೆ: ಇನ್ನೊಂದು ಮಾತು ಸಾರ್, ಇದು ನನ್ನನ್ನೇ ಕಾಡುತ್ತಿರೋದು. ಮಂತ್ರ ಮಾಂಗಲ್ಯ ಹುಟ್ಟಿದ್ದು ದುಂದುವೆಚ್ಚದ ವಿರುದ್ಧ. ನೂರು ಜನ ಬೆಂಗಳೂರಿನಿಂದ ಕಾರು ಮಾಡಿಕೊಂಡು ಮಲೆನಾಡಿಗೆ ಬರೋದು, ಎರಡು ದಿನ ಹೋಮ್‌ಸ್ಟೇ, ಅಲಂಕಾರ, ಡ್ರೋನ್. ಇದರಲ್ಲಿ ಸರಳತೆ ಎಲ್ಲಿದೆ?

ಮೇಷ್ಟ್ರು: ಅದನ್ನು ಕೇಳುವ ಹಕ್ಕು ನಿನಗಿದೆ, ಕೇಳಲೇಬೇಕು. ಖರ್ಚು ಯಾರದು? ಅವರಿಬ್ಬರ ದುಡಿಮೆಯದ್ದಾ, ಅಥವಾ ಹೆಣ್ಣಿನ ತಂದೆ ಸಾಲ ಮಾಡಿದ್ದಾ? ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಊಟ ಹಾಕುವುದರ ಬದಲು ನೂರು ಜನರ ಜೊತೆ ಇಲ್ಲಿ ಬಂದರೆ ಅದೂ ಒಂದು ಬಗೆಯ ಮಿತಿ. ಅಡುಗೆಯವರು, ಚಪ್ಪರದವರು, ಹೂವಿನವರು ಊರಿನವರೇ ಆದರೆ ದುಡ್ಡು ಇಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ ಹೂವು ಲಾರಿಯಲ್ಲಿ ಬರುವುದಾದರೆ ಬೇಡ ಅನ್ನು. ಜನವರಿ ಕೊನೆಕೊಯ್ಲಿನ ಕಾಲ, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಅದನ್ನು ಮುಚ್ಚಿ ಪರದೆ ಕಟ್ಟಬೇಕಾಗಿಲ್ಲ. ದಬ್ಬೆ, ಸೋಗೆಯ ಚಪ್ಪರಕ್ಕೆ ಅಡಿಕೆ ಸಿಂಗಾರ ಕಟ್ಟಿದರೆ ಅದಕ್ಕಿಂತ ಅಲಂಕಾರ ಏನಿದೆ? ಬಾಸಿಂಗ ಬೇಕು ಅಂದರೆ ಸಾಗರದ ಗುಡಿಗಾರರು ಬೆಂಡಿನಲ್ಲಿ ಮಾಡಿಕೊಡುತ್ತಾರೆ. ಸಾಲದ ಮದುವೆಯಾದರೆ ಮಾತ್ರ ಸ್ಪಷ್ಟವಾಗಿ ಹೇಳು: ಮಂತ್ರ ಮಾಂಗಲ್ಯದ ಹೆಸರಿನಲ್ಲಿ ಇದನ್ನು ನಾನು ನಡೆಸಲಾರೆ ಅಂತ.

ಆಕೆ: ಗೆಳತಿಗೆ ಹಾಗೆ ಹೇಳೋದು ಕಷ್ಟ.

ಮೇಷ್ಟ್ರು: ಕಷ್ಟವೇ. ದಕ್ಷಿಣೆಗಾಗಿ ಬಂದವರಿಗೆ ಅದು ಇನ್ನೂ ಕಷ್ಟ. ಯಾರ ಹಂಗಿನಲ್ಲೂ ಇಲ್ಲದವರು ನಡೆಸಿಕೊಡಬೇಕು ಅನ್ನುವುದು ಅದಕ್ಕೇ. ಓಡಾಟದ ಖರ್ಚು ತೆಗೆದುಕೋ, ಅದಕ್ಕಿಂತ ಹೆಚ್ಚು ಬೇಡ.

ಆಕೆ: ಆ ದಿನ ನಾನು ಎಲ್ಲಿ ನಿಲ್ಲಬೇಕು? ವೇದಿಕೆ ಮಧ್ಯದಲ್ಲಾ?

ಮೇಷ್ಟ್ರು: ಒಂದು ಬದಿಗೆ. ಗಂಡು ಹೆಣ್ಣು ಕ್ಯಾಮೆರಾಗೆ ಎದುರಾಗಿ ನಿಲ್ಲೋದು ಬೇಡ, ಒಬ್ಬರಿಗೊಬ್ಬರು ಎದುರಾಗಿ ನಿಲ್ಲಲಿ. ಮೈಕು ಅವರಿಬ್ಬರ ನಡುವೆ ಇರಲಿ, ನಿನ್ನ ಕೈಯಲ್ಲಲ್ಲ. ಸಂಕಲ್ಪದ ಮಾತನ್ನು ಒಂದೊಂದೇ ತುಂಡು ಮಾಡಿ ಓದು, ಅವರು ಹೇಳಲಿ. ಉದ್ದ ವಾಕ್ಯ ಕೊಟ್ಟರೆ ಬಾಯಿ ಗುನುಗುತ್ತದೆ, ಮನಸ್ಸಿಗೆ ಹೋಗೋದಿಲ್ಲ. ಮುಖ್ಯವಾದ್ದು ಇದು: ನಡುವೆ ಯಾರಾದರೂ ಗದ್ಗದಿತರಾಗಿ ನಿಂತುಬಿಡುತ್ತಾರೆ. ಹಾಗೆ ಆಗೇ ಆಗುತ್ತದೆ. ಆಗ ನೀನು ಆ ವಾಕ್ಯ ಪೂರೈಸಬೇಡ, ಚಪ್ಪಾಳೆ ಹೊಡೆಸಬೇಡ. ಸುಮ್ಮನೆ ಕಾಯು. ಆ ಮಾತು ಅವರ ಬಾಯಿಂದಲೇ ಬರಬೇಕು. ಫೋಟೊದವರಿಗೆ ಮೊದಲೇ ಹೇಳಿರು, ಸಂಕಲ್ಪ ಮುಗಿಯುವವರೆಗೆ ಹತ್ತಿರ ಬರುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಅದರ ಸದ್ದಿನಲ್ಲಿ ಹಿಂದೆ ಕೂತವರಿಗೆ ಒಂದಕ್ಷರ ಕೇಳೋದಿಲ್ಲ. ಕೇಳದವರು ಸಾಕ್ಷಿಗಳಾಗೋದು ಹೇಗೆ?

ಆಕೆ: ಅವರು ಮುಗಿಸಿದ ಮೇಲೆ?

ಮೇಷ್ಟ್ರು: ಸೇರಿದವರ ಕಡೆ ತಿರುಗಿ ಕೇಳು: ಇವರ ಮಾತು ಕೇಳಿದಿರಾ? ಕಷ್ಟ ಬಂದಾಗ ಈ ಮಾತನ್ನು ಇವರಿಗೆ ನೆನಪಿಸಿ ಜೊತೆಗಿರುತ್ತೀರಾ? ಎಲ್ಲರೂ ಹೌದು ಅನ್ನಲಿ. ನೂರು ಜನ ಇಷ್ಟು ದೂರ ಬಂದದ್ದಕ್ಕೆ ಅರ್ಥ ಬರೋದು ಆಗ. ಹೋಮ್‌ಸ್ಟೇ ಮನೆಯವರು, ಅಡುಗೆಯವರು, ನೆರೆಯವರು ಎಲ್ಲರನ್ನೂ ಆ ಹೊತ್ತಿಗೆ ಕೆಲಸ ಬಿಟ್ಟು ಬಂದು ಕೂರಲು ಹೇಳು. ಅವರ ಊರಿನಲ್ಲಿ ಆದ ಮದುವೆಗೆ ಅವರೂ ಸಾಕ್ಷಿ. ಆಮೇಲೆ ಹಾರ, ತಾಳಿ, ಏನು ಬೇಕೋ ಅವರಿಷ್ಟ.

ಆಕೆ: ಕೊನೆಯದೊಂದು. ಕರೆಯೋಲೆಯಲ್ಲಿ ‘ನಡೆಸಿಕೊಡುವವರು’ ಅಂತ ನನ್ನ ಹೆಸರು ದೊಡ್ಡದಾಗಿ ಹಾಕಿದ್ದಾರೆ.

ಮೇಷ್ಟ್ರು: ತೆಗೆಸು. ಮದುವೆ ಅವರದು. ಬೇಕಾದರೆ ಮೂವರು ಸಾಕ್ಷಿಗಳ ಹೆಸರು ಹಾಕಲಿ.

ಆಕೆ: ಇಲ್ಲಿ ನಿಮ್ಮ ಮಾತು ಒಪ್ಪೋದಿಲ್ಲ ಸಾರ್. ಈಗಷ್ಟೇ ನೀವೇ ಹೇಳಿದ್ರಿ, ಹೊಣೆ ನಡೆಸಿದವರದು ಅಂತ. ಒಪ್ಪಿಗೆ ಕೇಳಿದವಳು ನಾನು, ವರದಕ್ಷಿಣೆ ಇಲ್ಲ ಅಂತ ಖಾತ್ರಿ ಮಾಡಿಕೊಂಡವಳು ನಾನು. ನಾಳೆ ಅವಳಿಗೆ ತೊಂದರೆ ಬಂದರೆ ಯಾರನ್ನು ಕೇಳಬೇಕು? ನನ್ನ ಹೆಸರು ಇರಲಿ. ಚಿಕ್ಕ ಅಕ್ಷರದಲ್ಲಿ, ಸಾಕ್ಷಿಗಳ ಹೆಸರಿನ ಕೆಳಗೆ, ಫೋನ್ ನಂಬರಿನ ಜೊತೆ.

ಮೇಷ್ಟ್ರು: ಹೌದು, ಹಾಗಾದರೆ ಇರಲಿ. ಗೌರವಕ್ಕೆ ಬೇಡ, ಹೊಣೆಗೆ ಬೇಕು. ವರ್ಷಕ್ಕೊಮ್ಮೆಯಾದರೂ ಇಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡು, ಆ ದಿನ ಹೇಳಿದ ಮಾತು ಹೇಗೆ ನಡೆಯುತ್ತಿದೆ ಅಂತ ಕೇಳು. ಅಷ್ಟು ಮಾಡುವವಳಾದರೆ ಮದುವೆ ನಡೆಸಿಕೊಡುವ ಅಧಿಕಾರ ನಿನಗಿದೆ.